ಪುದುಕೋಟೆಯ ಸೈಕಲ್ ಹಾದಿ

ತಿರುಚ್ಚಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಐದೂವರೆಗೆ ಪುದುಕೋಟೆಯ ಬಸ್ಸು ಹತ್ತಿದಾಗ ನಮ್ಮ ತಂಗಿಯ ಮಗಳ ಬಳಿ ಇದ್ದ ಸಾಮಾನು ಮೂರು: ಬೆನ್ನಿಗೆ ಒಂದು ಚೀಲ, ಕೈಯಲ್ಲೊಂದು ನೀರಿನ ಬಾಟಲಿ ಮತ್ತು ನಾನು. ಬಿ.ಎ. ಓದುತ್ತಿರುವ ಈ ಹುಡುಗಿ ಕಾಲೇಜಿಗೆ ಒಂದು ಕಿರುಪ್ರಬಂಧ ಬರೆದುಕೊಡಬೇಕಿತ್ತು. ವಿಷಯ, ಸಮುದಾಯದ ನಡುವೆ ಜೀವನ ಕೌಶಲ ಶಿಕ್ಷಣ ಮತ್ತು ಮಹಿಳೆ. ಗೆಳತಿಯರೆಲ್ಲ ಹತ್ತಿರದ ಸ್ವಸಹಾಯ ಸಂಘಗಳಿಗೆ ಹೋಗಿ ಹಪ್ಪಳ, ಉಪ್ಪಿನಕಾಯಿಯ ಲೆಕ್ಕ ಬರೆದುಕೊಂಡು ಬಂದರೆ ಇವಳು ಪತ್ರಕರ್ತ ಪಿ. ಸಾಯಿನಾಥ್ ಅವರ ಲೇಖನವೊಂದನ್ನು ಓದಿ ತಮಿಳುನಾಡಿನ ಪುದುಕೋಟೆಗೇ ಹೋಗಬೇಕೆಂದು ಹಟ ಹಿಡಿದಳು. 1990ರ ದಶಕದ ಮೊದಲ ವರ್ಷಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಸೈಕಲ್ ಸವಾರಿ ಕಲಿತ ಜಿಲ್ಲೆ ಅದು. ಮನೆಯಲ್ಲಿ ಅಪ್ಪ ಅಮ್ಮ ಬಹಳ ಯೋಚಿಸಿ ಒಪ್ಪಿದರು. ಷರತ್ತು ಒಂದೇ: ಒಬ್ಬಳೇ ಹೋಗಬಾರದು, ದೊಡ್ಡಮ್ಮ ಜೊತೆಗಿರಬೇಕು.

ಹೆಂಗಸರು ತಮ್ಮಷ್ಟಕ್ಕೆ ತಾವೇ ಓಡಾಡಲು ಕಲಿತ ಊರನ್ನು ನೋಡಲು ಹುಡುಗಿಯನ್ನು ಒಬ್ಬಳೇ ಕಳಿಸುವಂತಿಲ್ಲ! ಇದರಲ್ಲಿ ನಗುವಂಥದ್ದೇನೋ ಇದೆ ಎಂದು ನನಗೆ ಹೊಳೆದದ್ದು ರೈಲು ಹೊಸೂರು ದಾಟಿದ ಮೇಲೆ. ಮನೆಯಲ್ಲಿ ಮಾತು ನಡೆದಾಗ ಷರತ್ತಿಗೆ ಮೊದಲು ತಲೆಯಾಡಿಸಿದವಳು ನಾನೇ.

ಹೊರಡಲು ನನಗೂ ನನ್ನದೇ ಒಂದು ಕಾರಣವಿತ್ತು. ನಮ್ಮ ತಾಲ್ಲೂಕಿನಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ನಾನು ಆಗಷ್ಟೇ ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಸ್ವಯಂಸೇವಕಿಯಾಗಿ ಸೇರಿಕೊಂಡೆ. ಮಾರಿಗುಡಿಯ ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು ಹನ್ನೊಂದು ಜನ ಹೆಂಗಸರಿಗೆ ಅಕ್ಷರ ಕಲಿಸಿದೆ. ಅವರಲ್ಲಿ ಒಬ್ಬಾಕೆ ಮೂರೇ ತಿಂಗಳಲ್ಲಿ ತನ್ನ ಹೆಸರು, ಗಂಡನ ಹೆಸರು, ಊರಿನ ಹೆಸರು ಬರೆದಳು. ಸ್ಲೇಟನ್ನು ಸೆರಗಿನಲ್ಲಿ ಒರೆಸದೆ ಹಾಗೆಯೇ ಮನೆಗೆ ಒಯ್ದಳು. ಏಳೆಂಟು ವರ್ಷಗಳ ನಂತರ ಪೇಟೆಯ ಬ್ಯಾಂಕೊಂದರಲ್ಲಿ ಆಕೆ ಸಿಕ್ಕಳು. ಸಾಲದ ಕಾಗದಕ್ಕೆ ಆಗತಾನೆ ಹೆಬ್ಬೆಟ್ಟು ಒತ್ತಿದ್ದಳು. ನನ್ನನ್ನು ಕಂಡವಳೇ ಮಸಿಯ ಬೆರಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ನಾವು ಇಬ್ಬರೂ ಮಳೆ ಬೆಳೆಯ ಮಾತಾಡಿ ಬೇರೆಯಾದೆವು. ಅಲ್ಲಿ ಏನು ತಪ್ಪಿತು, ಎಲ್ಲಿ ತಪ್ಪಿತು ಎಂಬ ಪ್ರಶ್ನೆ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ. ನಾವು ಲಾಟೀನು ಹಚ್ಚಿದ ಕಾಲದಲ್ಲೇ ಪುದುಕೋಟೆಯವರೂ ಹಚ್ಚಿದ್ದರು. ಅಲ್ಲಿ ಏನು ಉಳಿದಿದೆ ನೋಡಬೇಕಿತ್ತು.

ತಿರುಚ್ಚಿಯಿಂದ ಪುದುಕೋಟೆಗೆ ಐವತ್ತು ಕಿಲೋಮೀಟರಿಗೆ ತುಸು ಹೆಚ್ಚು. ಕಾವೇರಿಯ ಹಸಿರನ್ನು ತಿರುಚ್ಚಿಯಲ್ಲೇ ಬಿಟ್ಟು ಬರಬೇಕು. ಆಮೇಲೆ ಕೆಂಪು ಮಣ್ಣು, ತಾಳೆ ಮರ, ನೀಲಗಿರಿ ತೋಪು, ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುವ ಮುಳ್ಳುಪೊದೆ, ನಡುನಡುವೆ ಬೋಳು ಬಂಡೆಗಳು. ಮಳೆಯನ್ನೂ ಕೆರೆಯನ್ನೂ ನಂಬಿದ ಸೀಮೆ. ತುಮಕೂರು ಕೋಲಾರದ ಕಡೆಯವರಿಗೆ ಇದು ಪರಸ್ಥಳ ಎನ್ನಿಸುವುದಿಲ್ಲ. ಪುದುಕೋಟೆ ಎಂದರೂ ನಮ್ಮ ಹೊಸಕೋಟೆಯೇ. ಊರ ಪಕ್ಕದ ದೇವಸ್ಥಾನವಿರುವ ಜಾಗದ ಹೆಸರು ತಿರುಗೋಕರ್ಣಂ, ಅಲ್ಲಿನ ಈಶ್ವರ ಗೋಕರ್ಣೇಶ್ವರ!

ಸ್ವಾತಂತ್ರ್ಯ ಬರುವವರೆಗೆ ಇದು ತೊಂಡೈಮಾನ್ ಅರಸರ ಸಂಸ್ಥಾನ. 1948ರಲ್ಲಿ ಭಾರತದಲ್ಲಿ ವಿಲೀನವಾಯಿತು, 1974ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅರಸರ ಊರಾದ್ದರಿಂದ ಬೀದಿಗಳು ಗೆರೆ ಎಳೆದಂತೆ ನೇರವಾಗಿವೆ. ಅವರ ಹೊಸ ಅರಮನೆಯೇ ಜಿಲ್ಲಾಧಿಕಾರಿಗಳ ಕಚೇರಿಯಾಯಿತು. ಆ ಕಟ್ಟಡದ ಮುಂದೆ ನಿಂತಾಗ ನನಗೆ ನೆನಪಾದದ್ದು ಅರಸರಲ್ಲ, ಒಬ್ಬ ಹುಡುಗಿ. 1886ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಮುತ್ತುಲಕ್ಷ್ಮಿ. ಆಕೆ ಇಲ್ಲಿನ ಮಹಾರಾಜಾ ಕಾಲೇಜಿಗೆ ಸೇರಲು ಹೋದಾಗ, ಹುಡುಗರ ಕಾಲೇಜಿನಲ್ಲಿ ಹೆಣ್ಣೇ ಎಂದು ಆಕ್ಷೇಪ ಎದ್ದಿತು. ಅರಸರು ಒಪ್ಪಿಗೆ ಕೊಟ್ಟರು. ಆ ಹುಡುಗಿ ಮದರಾಸಿನಲ್ಲಿ ವೈದ್ಯಕೀಯ ಓದಿ 1912ರಲ್ಲಿ ಡಾಕ್ಟರಾದಳು, 1927ರಲ್ಲಿ ಮದರಾಸು ಶಾಸನ ಸಭೆಗೆ ಹೋದಳು. ಮುಂದೆ ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ, 1954ರಲ್ಲಿ ಅಡ್ಯಾರ್ ಕ್ಯಾನ್ಸರ್ ಆಸ್ಪತ್ರೆ ಸ್ಥಾಪಿಸಿದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಆಕೆಯೇ. ಒಬ್ಬ ಹುಡುಗಿಗೆ ಒಬ್ಬ ಅರಸ ಬಾಗಿಲು ತೆರೆದ ಕತೆ ಅದು. ನಾವು ನೋಡಲು ಹೋದದ್ದು ಇನ್ನೊಂದು ಬಗೆಯದು. ಅಲ್ಲಿ ಬಾಗಿಲಿಗಿಂತ ರಸ್ತೆ ಮುಖ್ಯ.

1991ರಲ್ಲಿ ಜಿಲ್ಲೆಯಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ಆರಂಭವಾಯಿತು. ತಮಿಳಿನಲ್ಲಿ ಅದಕ್ಕೆ 'ಅರಿವೊಳಿ ಇಯಕ್ಕಂ' ಎಂದು ಹೆಸರು, ಅರಿವಿನ ಬೆಳಕಿನ ಚಳವಳಿ. ಕಲಿಯಲು ಬಂದವರಲ್ಲಿ ಬಹುಪಾಲು ಹೆಂಗಸರು. ಕೂಲಿಯವರು, ಕಲ್ಲು ಒಡೆಯುವವರು, ಕೃತಕ ಹರಳುಗಳಿಗೆ ಸಾಣೆ ಹಿಡಿಯುವವರು. ಅಂದಿನ ಜಿಲ್ಲಾಧಿಕಾರಿ ಶೀಲಾ ರಾಣಿ ಚುಂಕತ್ ಅವರಿಗೆ ಒಂದು ಮಾತು ಬೇಗ ಅರ್ಥವಾಯಿತು. ಕಲಿಸುವ ಹುಡುಗಿಯರು ಒಳಹಳ್ಳಿಗಳಿಗೆ ಹೋಗಬೇಕು, ಬಸ್ಸಿಲ್ಲ. ಕಲಿಯುವವರು ಮನೆಯಿಂದ ಹೊರಗೆ ಬರಬೇಕು, ಯಾರಾದರೂ ಕರೆದೊಯ್ಯದೆ ಎಲ್ಲಿಗೂ ಹೋಗಿ ಗೊತ್ತಿಲ್ಲ. ತನ್ನ ಕಾಲ ಮೇಲೆ ತಾನು ಪಕ್ಕದ ಊರಿಗೆ ಹೋಗಿಬರಲಾರದ ಹೆಂಗಸಿಗೆ ಆತ್ಮವಿಶ್ವಾಸದ ಪಾಠ ಓದಿಸಿ ಏನು ಫಲ? ಹಾಗಾಗಿ ಅಕ್ಷರ ಕಲಿಕೆಯ ಒಂದು ಅಂಗವಾಗಿಯೇ ಸೈಕಲ್ ಕಲಿಕೆ ಬಂತು. ಕೊಳ್ಳುವವರಿಗೆ ಬ್ಯಾಂಕುಗಳಿಂದ ಸಾಲ ಕೊಡಿಸುವ ವ್ಯವಸ್ಥೆಯೂ ಆಯಿತು.

ಇಷ್ಟನ್ನು ಪುಸ್ತಕದಲ್ಲಿ ಓದಬಹುದು. ಸಾಯಿನಾಥ್ ಅವರ ಬರಹವಲ್ಲದೆ, ಚುಂಕತ್ ಮತ್ತು ಅರ್ಥಶಾಸ್ತ್ರಜ್ಞ ವೆಂಕಟೇಶ್ ಆತ್ರೇಯ ಅವರು ಸೇರಿ ಬರೆದ ಪುಸ್ತಕ 1996ರಲ್ಲಿ ಬಂದಿದೆ. ಆದರೆ ಕಲಿಸಿದ್ದು ಹೇಗೆ ಎಂಬುದನ್ನು ನಮಗೆ ತಿಳಿಸಿದವರು ಅಂದು ಸ್ವಯಂಸೇವಕಿಯಾಗಿದ್ದ, ಇಂದು ಮೊಮ್ಮಕ್ಕಳಿರುವ ಒಬ್ಬ ಹೆಂಗಸು. ಪರಿಚಯದವರ ಮೂಲಕ ಅವರ ಹಳ್ಳಿಗೆ ಹೋದೆವು. ಮುಖ್ಯ ರಸ್ತೆಯಿಂದ ಒಳಗೆ ಹಂಚಿನ ಮನೆಗಳ ಸಣ್ಣ ಊರು. ನನ್ನ ತಮಿಳು ಹರಕು. ಹುಡುಗಿಯದು ಹಾಸ್ಟೆಲ್ ಗೆಳತಿಯರಿಂದ ಕಲಿತ ತಮಿಳು, ವೇಗವಿದೆ, ವ್ಯಾಕರಣವಿಲ್ಲ. ಆದರೂ ಮಾತು ನಡೆಯಿತು.

ಭಾನುವಾರ ಶಾಲೆಯ ಬಯಲಿನಲ್ಲಿ ಎಲ್ಲರೂ ಸೇರುತ್ತಿದ್ದರಂತೆ. ಬಾಡಿಗೆ ಅಂಗಡಿಯ ಹಳೆಯ ಸೈಕಲ್ಲುಗಳು. ಒಬ್ಬಳು ಸೀಟಿನ ಮೇಲೆ, ಇಬ್ಬರು ಕ್ಯಾರಿಯರ್ ಹಿಡಿದು ಹಿಂದೆ. ಸೀರೆಯನ್ನು ಎತ್ತಿ ಕಟ್ಟುವುದೇ ಮೊದಲ ಪಾಠ, ಎರಡನೆಯದು ಬೀಳುವುದು. ಇವರು ಮೊದಲ ದಿನ ಮುಳ್ಳುಪೊದೆಯೊಳಗೆ ಬಿದ್ದರು. ಬೇಲಿಯ ಆಚೆ ನಿಂತ ಗಂಡಸರು ಆಡಿದ ಮಾತುಗಳನ್ನು ಅವರು ನಮಗೆ ಹೇಳಲಿಲ್ಲ, 'ನಿಮಗೆ ಗೊತ್ತಿರುವವೇ' ಎಂದು ನಕ್ಕರು. ಆದರೆ ಬಿದ್ದವಳು ಒಬ್ಬಳಲ್ಲ. ಮಾಸ್ತರರ ಹೆಂಡತಿಯೂ ಬಿದ್ದಳು, ಕೂಲಿಯವಳೂ ಬಿದ್ದಳು, ಅಂಗನವಾಡಿ ಟೀಚರೂ ಬಿದ್ದಳು. ಎಲ್ಲರೂ ಬೀಳುವ ಕಡೆ ಯಾರನ್ನು ಎಷ್ಟು ಹೊತ್ತು ಗೇಲಿ ಮಾಡುತ್ತೀರಿ? ಎರಡು ಮೂರು ವಾರದಲ್ಲಿ ಬೇಲಿಯ ಬಳಿ ನಿಲ್ಲುವವರಿಗೆ ಬೇಸರ ಬಂತಂತೆ. ಮೊದಲ ತಂಡದಲ್ಲಿ ಕಲಿತವರು ಎರಡನೆಯ ತಂಡದ ಕ್ಯಾರಿಯರ್ ಹಿಡಿದರು.

ನನಗೆ ನಮ್ಮ ಜಗಲಿಯ ನೆನಪಾಯಿತು. ನಾವು ಹನ್ನೊಂದು ಜನರನ್ನು ಕತ್ತಲಾದ ಮೇಲೆ, ಯಾರ ಕಣ್ಣಿಗೂ ಬೀಳದಂತೆ ಕೂರಿಸಿ ಕಲಿಸಿದ್ದೆವು. ನಾಚಿಕೆಯನ್ನು ಗೌರವಿಸಿದ್ದೇವೆ ಎಂದುಕೊಂಡಿದ್ದೆವು. ಇವರು ಅದನ್ನು ಹಗಲು ಹೊತ್ತಿನಲ್ಲಿ ಬಯಲಿಗೆ ತಂದು ನೂರು ಪಾಲು ಮಾಡಿ ಹಂಚಿಕೊಂಡಿದ್ದರು. 1992ರ ಮಾರ್ಚ್ 8ರಂದು, ಮಹಿಳಾ ದಿನದಂದು, ಹ್ಯಾಂಡಲ್ಲಿಗೆ ಬಾವುಟ ಕಟ್ಟಿಕೊಂಡ 1,500ಕ್ಕೂ ಹೆಚ್ಚು ಹೆಂಗಸರು ಗಂಟೆ ಬಾರಿಸುತ್ತ ಪುದುಕೋಟೆ ಪೇಟೆಯಲ್ಲಿ ಸೈಕಲ್ ಮೆರವಣಿಗೆ ಹೊರಟರು. ಅಂದು ಪೇಟೆಯವರು ಬೆರಗಾಗಿ ನೋಡಿದರು. ಮರುದಿನದಿಂದ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ಹೋದರೆ ತಿರುಗಿ ನೋಡುವಂಥದ್ದು ಏನೂ ಉಳಿಯಲಿಲ್ಲ. ಮೆರವಣಿಗೆಗಳ ಬಗ್ಗೆ ನನಗೆ ಸಾಮಾನ್ಯವಾಗಿ ಅಷ್ಟು ಗೌರವವಿಲ್ಲ, ಈ ಒಂದನ್ನು ಬಿಟ್ಟು.

ಹೆಂಗಸರ ಸೈಕಲ್ಲಿಗೆ ಜಿಲ್ಲೆಯಲ್ಲಿ ಬರ ಬಂತು. ಒಬ್ಬ ವ್ಯಾಪಾರಿಯಲ್ಲಿ ಒಂದೇ ವರ್ಷ ಮಾರಾಟ ಶೇಕಡಾ 350ರಷ್ಟು ಏರಿತೆಂದು ಸಾಯಿನಾಥ್ ಬರೆದಿದ್ದಾರೆ. ಕಾಯಲಾರದವರು ಗಂಡಸರ ಸೈಕಲ್ಲನ್ನೇ ಕೊಂಡರು. ಅದರಲ್ಲೂ ಒಂದು ಅನುಕೂಲವಿತ್ತು, ನಡುವಿನ ಅಡ್ಡಕಂಬಿಯ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು! ನಮ್ಮ ಪರಿಚಯದ ಹೆಂಗಸೂ ಹಾಗೆಯೇ ಮಾಡಿದ್ದರು. ಮುಂದೆ ಮಗು, ಹಿಂದೆ ನೀರಿನ ಕೊಡ. ಮೊದಲೆಲ್ಲ ಸೊಪ್ಪು, ಕಡಲೆಕಾಯಿ ಮಾರಲು ಬಸ್ಸಿಗೆ ಕಾದು, ಮಾರಿ, ಮತ್ತೆ ಬಸ್ಸಿಗೆ ಕಾದು ಸಂಜೆಯಾಗುತ್ತಿತ್ತು. ಸೈಕಲ್ಲು ಬಂದ ಮೇಲೆ ಮೂರು ಊರು ತಿರುಗಿ ಮಧ್ಯಾಹ್ನಕ್ಕೆ ಮನೆ. ಸಂಪಾದನೆ ಹೆಚ್ಚಾಯಿತೇ ಎಂದು ಹುಡುಗಿ ಕೇಳಿದಳು, ಪ್ರಬಂಧದ ಪ್ರಶ್ನಾವಳಿಯಲ್ಲಿ ಅದಿತ್ತು. ಸ್ವಲ್ಪ ಹೆಚ್ಚಾಯಿತು ಎಂದರು. ಆದರೆ ಅವರು ಮತ್ತೆ ಮತ್ತೆ ಹೇಳಿದ್ದು ಹಣದ ಮಾತಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ಗಂಡನೋ ಮೈದುನನೋ ಕೆಲಸ ಮುಗಿಸಿ ಬರಲಿ ಎಂದು ಕಾಯುವುದು ನಿಂತಿತು. ಕೇಳುವುದು ನಿಂತಿತು.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಹತ್ತು ಜೀವನ ಕೌಶಲಗಳನ್ನು ಪಟ್ಟಿ ಮಾಡಿತು. ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ತನ್ನನ್ನು ತಾನು ಅರಿಯುವುದು ಹೀಗೆ. ನಮ್ಮ ಹುಡುಗಿಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಹತ್ತೂ ಇದ್ದವು. ಬಹಳ ಒಳ್ಳೆಯ ಪಟ್ಟಿ. ಆದರೆ ತರಗತಿಯಲ್ಲಿ ಕೂರಿಸಿ 'ಇಂದು ನಿರ್ಧಾರ ಕೈಗೊಳ್ಳುವುದನ್ನು ಕಲಿಯೋಣ' ಎಂದರೆ ಯಾರು ಕಲಿತಾರು? ಕವಲು ದಾರಿಯಲ್ಲಿ ಸೈಕಲ್ ನಿಲ್ಲಿಸಿ, ಈ ಊರಿಗೆ ಹೋಗಲೋ ಆ ಊರಿಗೆ ಹೋಗಲೋ, ಎಲ್ಲಿ ಸೊಪ್ಪಿಗೆ ಬೆಲೆ ಹೆಚ್ಚು ಎಂದು ದಿನಾ ಯೋಚಿಸುವವಳು ಪಟ್ಟಿಯನ್ನು ನೋಡದೆಯೇ ಕಲಿತಿರುತ್ತಾಳೆ.

ಕಲ್ಲಿನ ಕ್ವಾರಿಗಳ ಸಂಗತಿಯೂ ಹೀಗೆಯೇ. ಗುತ್ತಿಗೆದಾರರ ಕೈಯಲ್ಲಿದ್ದ ಕ್ವಾರಿಗಳಲ್ಲಿ ಕೂಲಿಗೆ ಕಲ್ಲು ಒಡೆಯುತ್ತಿದ್ದ ಹೆಂಗಸರ ಗುಂಪುಗಳಿಗೇ ಆ ವರ್ಷಗಳಲ್ಲಿ ಜಿಲ್ಲಾಡಳಿತ ಗುತ್ತಿಗೆ ಕೊಟ್ಟಿತು. ಆಗ ಲೋಡಿನ ಲೆಕ್ಕ, ಕಾಗದ ಪತ್ರ, ರಸೀದಿ ಎಲ್ಲ ಅವರ ತಲೆಗೇ ಬಂತು. ಅಕ್ಷರ ಕಲಿಯಲು ಅದಕ್ಕಿಂತ ಬಲವಾದ ಕಾರಣ ಬೇಕೆ? ಹಿಂದಿನ ಗುತ್ತಿಗೆದಾರರಿಗೆ ಇದು ಹಿತವಾಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಕಲಿಕೆ ಒಂದು ಕಡೆ ಮೊದಲಾದರೆ ಇನ್ನೊಂದು ಕಡೆ ಹೋಗಿ ಮುಟ್ಟುತ್ತದೆ ಎಂಬುದನ್ನು ಅದೇ ಕಾಲದಲ್ಲಿ ಆಂಧ್ರದ ನೆಲ್ಲೂರಿನವರೂ ಕಂಡರು. ಅಲ್ಲಿ ಸಾಕ್ಷರತಾ ತರಗತಿಗಳಲ್ಲಿ ಕೂತ ಹೆಂಗಸರೇ 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಲು ಹೊರಟರು. ನಮ್ಮಲ್ಲಿ 1989ರಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮದ ಹಳ್ಳಿ ಸಂಘಗಳೂ ಇಂಥದೇ ದಾರಿ ಹಿಡಿದಿದ್ದವು. ಹೆಂಗಸರಿಗೆ ಏನು ಬೇಕೆಂದು ಮೊದಲು ಅವರೇ ಕೂತು ಮಾತಾಡಲಿ, ಪಾಠ ಆಮೇಲೆ ಬರಲಿ ಎಂಬುದು ಅಲ್ಲಿನ ಕ್ರಮ.

ಇನ್ನು ನನ್ನ ಪ್ರಶ್ನೆಗೆ ಬರುತ್ತೇನೆ. ಏನು ಉಳಿದಿದೆ? ಪುದುಕೋಟೆ 1992ರಲ್ಲಿ ಸಂಪೂರ್ಣ ಸಾಕ್ಷರ ಜಿಲ್ಲೆ ಎನ್ನಿಸಿಕೊಂಡಿತು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 77ರಷ್ಟು, ಹೆಂಗಸರದು ಇನ್ನೂ ಕಡಿಮೆ. ಆಂದೋಲನದ ಲೆಕ್ಕ ಬೇರೆ, ವಯಸ್ಸಿನ ಮಿತಿ ಬೇರೆ, ನಿಜ. ಆದರೂ ಅಕ್ಷರ ಒಂದಷ್ಟು ಜಾರಿಹೋಗಿದೆ ಎಂಬುದನ್ನು ಅಲ್ಲಗಳೆಯಲಾಗದು. ನಮಗೆ ಕಾಫಿ ಕೊಟ್ಟ ಪಕ್ಕದ ಮನೆಯ ಹೆಂಗಸು ಹಿಂದೆ ಕ್ವಾರಿಯಲ್ಲಿದ್ದವರು, ಅರಿವೊಳಿಯಲ್ಲಿ ಕಲಿತವರು. ಬಸ್ಸಿನ ಬೋರ್ಡು ಓದುತ್ತಾರೆ, ಪತ್ರಿಕೆ ಓದಲಾರರು. ಬರೆಯುವುದು ಮರೆತಿದೆ. 'ಬರೆಯುವ ಕೆಲಸವೇ ಬರಲಿಲ್ಲವಲ್ಲ' ಎಂದರು, ಯಾವ ಸಂಕೋಚವೂ ಇಲ್ಲದೆ. ಸೈಕಲ್ ಮರೆತಿದೆಯೇ ಎಂದು ಕೇಳಿದ್ದಕ್ಕೆ, ಇದೇನು ಪ್ರಶ್ನೆ ಎನ್ನುವಂತೆ ನೋಡಿದರು. ನಮ್ಮೂರಿನಾಕೆ ಅಂದು ಹೆಬ್ಬೆಟ್ಟು ಅಡಗಿಸಿದ್ದೇಕೆ ಎಂದು ಆಗ ನನಗೆ ಕೊಂಚ ತಿಳಿಯಿತು. ನಾವು ಆಕೆಗೆ ಅಕ್ಷರ ಕೊಟ್ಟಿದ್ದೆವು, ಅದನ್ನು ದಿನಾ ಬಳಸುವ ಕೆಲಸ ಕೊಟ್ಟಿರಲಿಲ್ಲ. ಮರೆತ ತಪ್ಪನ್ನು ಮಾತ್ರ ಆಕೆಯ ತಲೆಗೆ ಕಟ್ಟಿದ್ದೆವು.

ಸೈಕಲ್ಲೂ ಈಗ ಅಂದಿನಷ್ಟು ಕಾಣುವುದಿಲ್ಲ, ರಸ್ತೆಯಲ್ಲಿ ಸ್ಕೂಟರ್ ಮೇಲೆ ಹೋಗುವ ಹೆಂಗಸರೇ ಹೆಚ್ಚು. ಶಾಲೆಯ ಸೈಕಲ್ಲುಗಳು ಮಾತ್ರ ಸಾಲುಗಟ್ಟಿ ನಿಂತಿದ್ದವು. ತಮಿಳುನಾಡಿನಲ್ಲಿ 2001ರ ಸುಮಾರಿಗೆ ವಿದ್ಯಾರ್ಥಿನಿಯರಿಗೆ ಸರ್ಕಾರವೇ ಸೈಕಲ್ ಕೊಡಲಾರಂಭಿಸಿತು. ಕರ್ನಾಟಕದಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಬಂದದ್ದು 2006-07ರಲ್ಲಿ. ಬಿಹಾರದಲ್ಲೂ 2006ರಲ್ಲಿ ಬಂತು. ಅಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅಧ್ಯಯನ ನಡೆಸಿ, ಪ್ರೌಢಶಾಲೆಗೆ ದಾಖಲಾಗುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಹೆಚ್ಚಿತೆಂದು ತೋರಿಸಿದ್ದಾರೆ. ಒಂದು ಊರಿನ ಹುಡುಗಿಯರೆಲ್ಲ ಗುಂಪಾಗಿ ಸೈಕಲ್ಲಿನಲ್ಲಿ ಹೊರಟರೆ ದಾರಿಯ ಭಯವೂ ಕಡಿಮೆಯಲ್ಲವೆ? ತಂದೆತಾಯಿಯರನ್ನು ಇಲ್ಲಿ ಒಂದು ಮಾತು ಕೇಳಬೇಕು. ನಿಮ್ಮ ಮಗಳಿಗೆ ಬಂದ ಸೈಕಲ್ಲನ್ನು ಮನೆಯಲ್ಲಿ ಹೆಚ್ಚು ಓಡಿಸಿದವರು ಯಾರು? ನಾನು ಪಾಠ ಹೇಳಿದ ಶಾಲೆಯಲ್ಲಿ ಎಷ್ಟೋ ಹುಡುಗಿಯರು ನಡೆದೇ ಬರುತ್ತಿದ್ದರು, ಸೈಕಲ್ಲು ತಮ್ಮನ ಬಳಿಯೋ ಅಪ್ಪನ ಹೊಲದ ಬದುವಿನಲ್ಲೋ ಇರುತ್ತಿತ್ತು.

ಮಧ್ಯಾಹ್ನ ಸಿತ್ತನ್ನವಾಸಲ್‌ಗೆ ಹೋಗಿಬಂದೆವು. ಇಷ್ಟು ದೂರ ಬಂದು ನೋಡದೆ ಹೋಗುವುದುಂಟೆ? ಪುದುಕೋಟೆಯಿಂದ ಹದಿನಾರು ಕಿಲೋಮೀಟರು. ಬಂಡೆ ಕೊರೆದು ಮಾಡಿದ ಜೈನ ಗುಹಾಲಯದ ಚಾವಣಿಯಲ್ಲಿ ಸಾವಿರ ವರ್ಷಕ್ಕೂ ಹಳೆಯ ತಾವರೆಗೊಳದ ಚಿತ್ರವಿದೆ. ಆನೆ, ಮೀನು, ಹಕ್ಕಿಗಳು, ಹೂ ಕೀಳುವ ಜನ. ಬಣ್ಣ ಬಹಳ ಮಾಸಿದೆ. ಅದೇ ಗುಡ್ಡದ ಇನ್ನೊಂದು ಕಡೆ ಜೈನ ಮುನಿಗಳು ಮಲಗುತ್ತಿದ್ದ ನುಣುಪಾದ ಕಲ್ಲುಹಾಸಿಗೆಗಳಿವೆ. ಅವುಗಳಲ್ಲೊಂದರ ಪಕ್ಕದ ಬ್ರಾಹ್ಮಿ ಶಾಸನ 'ಎರುಮಿ ನಾಡಿ'ನಲ್ಲಿ ಹುಟ್ಟಿದ ಒಬ್ಬ ಮುನಿಯನ್ನು ಹೆಸರಿಸುತ್ತದೆ. ಎರುಮೆ ಎಂದರೆ ಎಮ್ಮೆ. ಅದು ನಮ್ಮ ಮೈಸೂರು ಸೀಮೆಯೇ, ಮಹಿಷಮಂಡಲವೇ ಎಂದು ವಿದ್ವಾಂಸರು ಹೇಳುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಕಡೆಯವರೊಬ್ಬರು ಇಲ್ಲಿಯವರೆಗೆ ನಡೆದು ಬಂದಿದ್ದರು, ದೊಡ್ಡಮ್ಮನನ್ನು ಕರೆದುಕೊಳ್ಳದೆ ಎಂದು ನಮ್ಮ ಹುಡುಗಿ ಟೀಕೆ ಮಾಡಿದಳು. ನಾನು ಕೇಳಿಸದವಳಂತೆ ಮೆಟ್ಟಿಲು ಇಳಿದೆ.

ಸಂಜೆ ಮತ್ತೆ ಆ ಹಳ್ಳಿಗೆ ಬಂದೆವು. ಪ್ರಬಂಧಕ್ಕೆ ಇನ್ನೂ ಒಬ್ಬರನ್ನು ಮಾತಾಡಿಸಬೇಕಿತ್ತು. ಅವರಿದ್ದದ್ದು ಮೂರು ಕಿಲೋಮೀಟರ್ ಆಚೆಯ ಊರಿನಲ್ಲಿ. ಬಸ್ಸು ಹೋಗಿಯಾಗಿತ್ತು, ಆಟೋ ಕಾಣಲಿಲ್ಲ. ಸ್ವಯಂಸೇವಕಿಯಾಗಿದ್ದ ಹೆಂಗಸು ಒಳಗಿನಿಂದ ತಮ್ಮ ಹಳೆಯ ಸೈಕಲ್ಲನ್ನು ತಂದು ಹುಡುಗಿಯ ಮುಂದೆ ನಿಲ್ಲಿಸಿದರು. ಹುಡುಗಿ ನನ್ನ ಮುಖ ನೋಡಿದಳು. ಬೇಡ ಎನ್ನಲು ನನ್ನ ಬಾಯಿ ತೆರೆದಿತ್ತು. ಗುರುತಿಲ್ಲದ ಊರು, ಇನ್ನೊಂದು ಗಂಟೆಗೆ ಕತ್ತಲು. ಆ ಹೆಂಗಸು ಏನೂ ಹೇಳಲಿಲ್ಲ. ಸೀಟಿನ ಮೇಲಿನ ಧೂಳನ್ನು ಸೆರಗಿನಲ್ಲಿ ಒರೆಸಿದರು ಅಷ್ಟೆ.

'ಆರೂವರೆಯ ಒಳಗೆ ಬಾ' ಎಂದೆ.

ಅವಳು ಹೋದ ಮೇಲೆ ಜಗಲಿಯ ಮೇಲೆ ಕೂತೆ. ತಮಿಳಿನಲ್ಲಿ ಸೈಕಲ್ಲಿಗೆ 'ಮಿದಿವಂಡಿ' ಎನ್ನುತ್ತಾರೆ, ತುಳಿಯುವ ಗಾಡಿ. ನಾವು ಹಿಟ್ಟು ಮಿದಿಯುತ್ತೇವಲ್ಲ, ಅದೇ ಮಾತು. ಜೀವನವಿಡೀ ಹಿಟ್ಟು ಮಿದಿದ ನನಗೆ ಈ ಗಾಡಿ ಮಾತ್ರ ಬರಲಿಲ್ಲ. ನಮ್ಮ ಅಣ್ಣನಿಗೆ ಹದಿಮೂರಕ್ಕೆ ಸೈಕಲ್ ಬಂದಿತ್ತು. ನಾನು ಅದನ್ನು ಒರೆಸಿಡುತ್ತಿದ್ದೆ. ಇದನ್ನು ಹೇಳಿದಾಗ ಆ ಹೆಂಗಸು, ನಾಳೆ ಬೆಳಿಗ್ಗೆ ಬಸ್ಸಿಗೆ ಇನ್ನೂ ಸಮಯವಿದೆಯಲ್ಲ, ಶಾಲೆಯ ಬಯಲು ಇಲ್ಲೇ ಇದೆ, ಕ್ಯಾರಿಯರ್ ನಾನು ಹಿಡಿಯುತ್ತೇನೆ ಎಂದರು. ತಮಾಷೆಗೆ ಅಂದದ್ದಲ್ಲ.

ಅಷ್ಟರಲ್ಲಿ ತಂಗಿಯ ಫೋನು ಬಂತು. ಮಗಳಿಗೆ ಕೊಡು ಎಂದಳು. ಪಕ್ಕದ ಊರಿಗೆ ಹೋಗಿದ್ದಾಳೆ ಎಂದೆ.

'ಯಾರ ಜೊತೆ?'

'ಒಬ್ಬಳೇ. ಸೈಕಲ್ ಮೇಲೆ.'

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಕಾದೆ.

'ಬ್ರೇಕು ಹಿಡಿಯುತ್ತಾ ನೋಡಿದೆಯೇನೆ ಅಕ್ಕಾ?' ಎಂದಳು.

ನೋಡಿರಲಿಲ್ಲ. ಪಕ್ಕಕ್ಕೆ ತಿರುಗಿ ಆ ಹೆಂಗಸನ್ನು ಕೇಳಿದೆ. ಹೋದ ವಾರವಷ್ಟೇ ಹೊಸ ಬ್ರೇಕ್ ಕಟ್ಟೆ ಹಾಕಿಸಿದ್ದೇನೆ ಎಂದು ಹೇಳಿ ಎಂದರು. ಹೇಳಿದೆ.